ಒಂಬತ್ತು ಹೆಸರಿನ ತೊಟ್ಟಿಲು

ಪಿಕಪ್ಪಿನಿಂದ ಇಳಿಸುವಾಗಲೇ ಆ ತೊಟ್ಟಿಲಿನ ಒಂದು ಬದಿ ತನ್ನಷ್ಟಕ್ಕೆ ಜಾರಿ ನನ್ನ ಅಳಿಯ ಉಜ್ವಲ್ ಅವರ ಬೆರಳಿನ ಮೇಲೆ ಬಿತ್ತು. ಅವರು ಬೆರಳನ್ನು ಬಾಯಿಗಿಟ್ಟುಕೊಂಡು ನಕ್ಕರು.

“ಏನಿಲ್ಲ ಅತ್ತೆ. ಅದು ಸ್ವಲ್ಪ ಲೂಸ್ ಉಂಟು, ಅಷ್ಟೆ.”

ಒಂದೂವರೆ ತಿಂಗಳ ನನ್ನ ಮೊಮ್ಮಗಳು ಮಲಗಬೇಕಾದ ತೊಟ್ಟಿಲು ಸ್ವಲ್ಪ ಲೂಸ್ ಉಂಟಂತೆ. ಬೆರಳಿನ ಜಾಗದಲ್ಲಿ ಏನಿರಬಹುದಿತ್ತು ಎಂದು ಅವರು ಯೋಚಿಸಿದ ಹಾಗೆ ಕಾಣಲಿಲ್ಲ. ನಾನು ಯೋಚಿಸಿದೆ. ಆಗ ಹತ್ತಿದ ಸಿಟ್ಟು ಮಗುವಿಗೆ ಹೆಸರಿಡುವ ದಿನದವರೆಗೂ ಇಳಿಯಲಿಲ್ಲ.

ನಮ್ಮ ಮನೆ ಮೆಲ್ಕಾರಿನಲ್ಲಿ. ಎದುರಿನ ಕೋಣೆಯಲ್ಲಿ ನನ್ನ ಟೈಲರಿಂಗ್. ಇಪ್ಪತ್ತೇಳು ವರ್ಷಗಳಿಂದ ರವಿಕೆ ಹೊಲಿಯುತ್ತಾ ಬಂದಿದ್ದೇನೆ; ಕುತ್ತಿಗೆಯಲ್ಲಿ ಟೇಪು ಇಲ್ಲದಿದ್ದರೆ ಏನೋ ಮರೆತುಬಂದ ಹಾಗೆ ಆಗುತ್ತದೆ. ಮಗಳು ಅಕ್ಷಿತಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಅಳಿಯ ಬಹರೈನಿನಿಂದ ಒಂದು ತಿಂಗಳ ರಜೆಯಲ್ಲಿದ್ದರು. ಮಗುವಿಗೆ ತೊಟ್ಟಿಲು ತರಬೇಕೆಂದು ನಾನು ಅದಾಗಲೇ ಬಿ.ಸಿ.ರೋಡಿನ ಎರಡು ಅಂಗಡಿ ಹತ್ತಿ ಇಳಿದಿದ್ದೆ. ಒಂದರಲ್ಲಿ ಸೊಳ್ಳೆಪರದೆ, ತೂಗಾಡುವ ಗೊಂಬೆ, ಗುಂಡಿ ಒತ್ತಿದರೆ ಹಾಡು ಎಲ್ಲ ಇತ್ತು. ಹಿಡಿದು ಅಲುಗಾಡಿಸಿದರೆ ಹಾಡಿಗಿಂತ ಜೋರಾಗಿ ತೊಟ್ಟಿಲೇ ಕಿರುಗುಟ್ಟುತ್ತಿತ್ತು. ಇನ್ನೊಂದರಲ್ಲಿ ಸ್ಪ್ರಿಂಗಿಗೆ ನೇತುಹಾಕುವ ಜೋಲಿ ತೋರಿಸಿದ ಅಂಗಡಿಯವ, “ಅಕ್ಕ, ಇದು ಫಾಸ್ಟ್ ಮೂವಿಂಗ್,” ಎಂದ. ಮಲಗುವ ಮಗುವಿಗೆ ಫಾಸ್ಟ್ ಯಾಕೆ ಮಾರಾಯ ಎಂದು ಕೇಳಿ ಇಳಿದು ಬಂದೆ.

ಇದು ಉಜ್ವಲ್‌ಗೆ ಗೊತ್ತಾಯಿತು. “ಅತ್ತೆ, ತೊಟ್ಟಿಲು ತೆಗೆದುಕೊಳ್ಳಲೇಬೇಡಿ. ಭೋಜ ಮಾವನ ತೊಟ್ಟಿಲು ಉಂಟಲ್ಲ. ಬೇರೆ ತಂದರೆ ಅವರಿಗೆ ಬೇಜಾರಾಗ್ತದೆ,” ಎಂದರು.

ಭೋಜಣ್ಣ ಉಜ್ವಲ್ ಅವರ ಸೋದರಮಾವ. ಬೆಳ್ತಂಗಡಿಯವರು. ನಮ್ಮವರಲ್ಲಿ ಸೋದರಮಾವ ಎಂದರೆ ಅರ್ಧ ದೇವರು, ಭೋಜಣ್ಣ ಮುಕ್ಕಾಲು. ಮೂವತ್ತು ವರ್ಷ ಬಹರೈನಿನಲ್ಲಿ ಹೋಟೆಲು ನಡೆಸಿ, ಕುಟುಂಬದ ಹದಿನಾಲ್ಕು ಗಂಡಸರನ್ನು ಒಬ್ಬೊಬ್ಬರನ್ನಾಗಿ ಅಲ್ಲಿಗೆ ಕರೆಸಿಕೊಂಡು ಕೆಲಸಕ್ಕೆ ಹಚ್ಚಿದವರು. ಉಜ್ವಲ್ ಹದಿಮೂರನೆಯವರು. ಹದಿನೆಂಟು ವರ್ಷದ ಹಿಂದೆ ತಮ್ಮ ಮಗಳು ಹುಟ್ಟಿದಾಗ ಭೋಜಣ್ಣ ಅಲ್ಲಿಂದ ಕಾರ್ಗೋದಲ್ಲಿ ಈ ತೊಟ್ಟಿಲು ಕಳಿಸಿದ್ದರು. ನಾಲ್ಕು ಕಾಲಿನದು, ಸುತ್ತ ಬಿಳಿ ಸರಳು. ಒಂದು ಬದಿಯನ್ನು ಕೆಳಗಿಳಿಸಿ ಮಗುವನ್ನು ಎತ್ತಿಕೊಳ್ಳಬಹುದು, ಪುನಃ ಮೇಲೆತ್ತಿ ಸಿಕ್ಕಿಸಬಹುದು. ಆ ಕಾಲಕ್ಕೆ ಅದನ್ನು ನೋಡಲಿಕ್ಕೆಂದೇ ಜನ ಬೆಳ್ತಂಗಡಿಗೆ ಹೋಗುತ್ತಿದ್ದರಂತೆ.

ಅಂದಿನಿಂದ ಆ ಕುಟುಂಬದಲ್ಲಿ ಯಾರು ಹೆತ್ತರೂ ತೊಟ್ಟಿಲು ಅಲ್ಲಿಗೆ ಹೋಗುತ್ತದೆ. ಬೇಡ ಎನ್ನುವ ಪ್ರಶ್ನೆ ಇಲ್ಲ. ಹೆಸರಿಡುವ ದಿನ ಭೋಜಣ್ಣ ಬಂದು ಮಗುವನ್ನು ಅದರಲ್ಲಿ ಮಲಗಿಸುತ್ತಾರೆ, ಆಮೇಲೆ ಜೇಬಿನಿಂದ ಮಾರ್ಕರ್ ಪೆನ್ನು ತೆಗೆದು ತೊಟ್ಟಿಲಿನ ಅಡಿಹಲಗೆಯ ಮೇಲೆ ಮಗುವಿನ ಹೆಸರು ಬರೆಯುತ್ತಾರೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸುತ್ತಿ ಬಂದ ಆ ಹಲಗೆಯಲ್ಲಿ ಒಂಬತ್ತು ಹೆಸರುಗಳಿದ್ದವು. ಒಂಬತ್ತನೆಯದು ಶೋಧನ್, ಪುತ್ತಿಗೆಯ ಸುಪ್ರೀತಾಳ ಮಗ. ನನ್ನ ಮೊಮ್ಮಗಳದು ಹತ್ತನೆಯದಾಗಬೇಕಿತ್ತು.

ಪಿಕಪ್ಪು ಹೋದ ಮೇಲೆ ತೊಟ್ಟಿಲನ್ನು ಒಳಗೆ ತಂದಿರಿಸಿ, ನಾನು ಟೇಪು ತೆಗೆದೆ.

“ಅಮ್ಮ, ಅದಕ್ಕೆ ಎಂತ ರವಿಕೆ ಹೊಲೀಲಿಕ್ಕುಂಟಾ?” ಎಂದಳು ಅಕ್ಷಿತಾ.

ನಗಲಿ ಪಾಪ. ಸರಳಿಗೂ ಸರಳಿಗೂ ನಡುವೆ ಎರಡೂಕಾಲು ಇಂಚು. ಅದು ಸರಿ ಇತ್ತು. ಆಮೇಲೆ ಜಾರುವ ಬದಿಯನ್ನು ನೋಡಿದೆ. ಅದನ್ನು ಹಿಡಿದಿಡಲು ಎರಡು ತುದಿಗಳಲ್ಲಿ ಎರಡು ಕೊಂಡಿ ಇರಬೇಕು. ಎಡಗಡೆಯದು ಇತ್ತು. ಬಲಗಡೆಯದರ ಜಾಗದಲ್ಲಿ ತುಕ್ಕು ಹಿಡಿದ ತಂತಿಯನ್ನು ನಾಲ್ಕು ಸುತ್ತು ಸುತ್ತಿ, ಇಕ್ಕಳದಲ್ಲಿ ತಿರುಚಿ, ಮೇಲಿಂದ ಯಾರೋ ಬಿಳಿ ಬಣ್ಣ ಬಳಿದಿದ್ದರು. ಬದಿಯನ್ನು ಒಳಗಿನಿಂದ ಮೆಲ್ಲಗೆ ದೂಡಿದೆ. ಅದು ಹೊರಗೆ ಬಾಗಿತು. ಹಾಸಿಗೆಗೂ ಬದಿಗೂ ನಡುವೆ ನಾಲ್ಕು ಇಂಚು ಬಾಯಿಬಿಟ್ಟಿತು.

ಎಳೆ ಮಕ್ಕಳಿಗೆ ಅಂಗಿ, ಟೊಪ್ಪಿ ಹೊಲಿದು ನನಗೆ ಒಂದು ಗೊತ್ತು. ದೊಡ್ಡವರ ಹಾಗೆ ಅಲ್ಲ ಅವರ ಅಳತೆ. ತಲೆಯೇ ಎಲ್ಲಕ್ಕಿಂತ ದೊಡ್ಡದು, ಸೊಂಟ ಅದರ ಮುಂದೆ ಏನೂ ಅಲ್ಲ. ಕಾಲು ಜಾರಿದ ಸಂದಿಯಲ್ಲಿ ಸೊಂಟ ಜಾರುತ್ತದೆ, ಎದೆಯೂ ಜಾರುತ್ತದೆ. ತಲೆ ಮಾತ್ರ ಮೇಲೆ ಉಳಿಯುತ್ತದೆ. ಹಾಗೆ ಉಳಿದರೆ ಮಗು ನೇತಾಡುವುದು ಕುತ್ತಿಗೆಯಲ್ಲಿ. ಕೂಗಲಿಕ್ಕೂ ಆಗುವುದಿಲ್ಲ.

ಮಗುವನ್ನು ನೋಡಲು ಬರುತ್ತಿದ್ದ ಆರೋಗ್ಯ ಕೇಂದ್ರದ ಸಿಸ್ಟರ್ ಕೂಡ ಅದನ್ನೇ ಹೇಳಿದ್ದರು: ಗಟ್ಟಿ ಹಾಸಿಗೆ, ಹಾಸಿಗೆಯ ಸುತ್ತ ಎರಡು ಬೆರಳಿಗಿಂತ ಹೆಚ್ಚು ಸಂದಿ ಬೇಡ, ಒಳಗೆ ದಿಂಬು ಗೊಂಬೆ ಏನೂ ಬೇಡ, ಅಂಗಾತ ಮಲಗಿಸಿ. ನಾನು ಪ್ರೀತಿಯಿಂದ ಹೊಲಿದಿಟ್ಟಿದ್ದ ಸಾಸಿವೆ ದಿಂಬನ್ನು ಅವರೇ ಎತ್ತಿ ಕಪಾಟಿನ ಮೇಲಿಟ್ಟು ಹೋದರು. ಆ ದಿನ ನನಗೂ ಸ್ವಲ್ಪ ಬೇಜಾರಾಗಿತ್ತು. ಎರಡು ದಿನದಲ್ಲಿ ಹೋಯಿತು. ಬೇಜಾರು ಅಂದರೆ ಅಷ್ಟೇ, ಹೋಗುವ ವಸ್ತು.

ಮರುದಿನ ಬೆಳಿಗ್ಗೆ ಜಿತೇಶನನ್ನು ಕರೆಸಿದೆ. ಮೆಲ್ಕಾರಿನಲ್ಲೇ ಮರದ ಕೆಲಸ ಮಾಡುವವನು, ನನ್ನ ಕತ್ತರಿಸುವ ಮೇಜು ಅವನೇ ಮಾಡಿದ್ದು. ಅವನು ತೊಟ್ಟಿಲಿನ ಕೆಳಗೆ ಅಂಗಾತ ಮಲಗಿ, ಟಾರ್ಚು ಹಾಕಿ ತುಂಬ ಹೊತ್ತು ನೋಡಿದ.

“ಅಕ್ಕ, ಇದನ್ನು ಎಷ್ಟು ಸಲ ಬಿಚ್ಚಿದ್ದಾರೆ?”

“ಒಂಬತ್ತು ಮನೆಗೆ ಹೋಗಿ ಬಂದಿದೆ. ಲೆಕ್ಕ ಹಾಕು.”

“ಹಾಗಾದರೆ ಸರಿ. ಸ್ಕ್ರೂ ಹೋಗುವ ತೂತುಗಳೆಲ್ಲ ಬಾಯಿ ತೆರೆದಿವೆ. ಒಂದು ಕಡೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಹಾಕಿದ್ದಾರೆ. ಇನ್ನೊಂದು ಕಡೆ ಪೇಪರ್.” ಅವನು ಅಂಟಿಕೊಂಡಿದ್ದ ಕಾಗದವನ್ನು ಉಗುರಿನಿಂದ ಕಿತ್ತು ತೋರಿಸಿದ. ಯಾರದೋ ಮದುವೆಯ ಕಾಗದದ ತುಂಡು.

“ಸರಿ ಮಾಡಲಿಕ್ಕೆ ಆಗ್ತದಾ?”

ಜಿತೇಶ ಎದ್ದು ಕೂತು ಮೈಮೇಲಿನ ಧೂಳು ಕೊಡವಿದ. “ಸರಿ ಕಾಣುವ ಹಾಗೆ ಮಾಡಿಕೊಡ್ತೇನೆ. ಸರಿ ಉಂಟಾ ಅಂತ ನನ್ನ ಹತ್ತಿರ ಕೇಳಬೇಡಿ. ನನಗೂ ಮಕ್ಕಳಿದ್ದಾರೆ.”

ಅಷ್ಟು ನೇರವಾಗಿ ಮಾತಾಡುವವರು ಒಂಬತ್ತು ಮನೆಗಳಲ್ಲಿ ಒಬ್ಬರೂ ಇರಲಿಲ್ಲವಾ ಎಂದು ನನಗೆ ಉರಿಯಿತು. ಬೆಂಕಿಕಡ್ಡಿ ತುರುಕಿದವರಿಗೆ ತೂತು ಕಂಡಿರಬೇಕಲ್ಲ. ತಂತಿಗೆ ಬಣ್ಣ ಬಳಿದವರಿಗೆ ತಂತಿ ಕಂಡಿರಬೇಕಲ್ಲ.

ಸುಪ್ರೀತಾಳಿಗೆ ಫೋನು ಮಾಡಿದೆ. ಅವಳು ಉಜ್ವಲ್‌ಗೆ ದೊಡ್ಡಮ್ಮನ ಮಗಳು, ಅವಳಿಗೂ ಭೋಜಣ್ಣ ಸೋದರಮಾವನೇ. ಮೂಡುಬಿದಿರೆಯ ಒಂದು ಸೊಸೈಟಿಯಲ್ಲಿ ಕೆಲಸ. ಬಾಯಿತುಂಬ ಮಾತಾಡುವ ಹುಡುಗಿ.

“ಸುಪ್ರೀತಾ, ತೊಟ್ಟಿಲು ಬಂತು ಮಾರಾಯ್ತಿ.”

ಫೋನು ಕಟ್ಟಾಯಿತೋ ಎಂದು ನೋಡಿದೆ. ಆಗಿರಲಿಲ್ಲ.

“ಯಾರು ಕೊಟ್ಟದ್ದು ಅತ್ತೆ?”

“ಉಜ್ವಲ್ ಬಂದಿದ್ದರಲ್ಲ. ನಿನ್ನ ಮಾವನವರು ಅಟ್ಟದಿಂದ ಇಳಿಸಿಕೊಟ್ಟರಂತೆ.”

“ನಾನು ಆಫೀಸಿನಲ್ಲಿದ್ದೆ. ನನಗೆ ಗೊತ್ತೇ ಇಲ್ಲ.” ದನಿ ತಗ್ಗಿಸಿದಳು. “ಅತ್ತೆ, ಮಗುವನ್ನು ಮಲಗಿಸಿದಿರಾ?”

“ಇಲ್ಲ.”

“ಮಲಗಿಸಬೇಡಿ. ಒಮ್ಮೆ ಇಲ್ಲಿಗೆ ಬನ್ನಿ. ಫೋನಿನಲ್ಲಿ ಬೇಡ.”

ಭಾನುವಾರ ಬಿ.ಸಿ.ರೋಡಿನಿಂದ ಮೂಡುಬಿದಿರೆಯ ಬಸ್ಸು ಹಿಡಿದೆ. ಸಿದ್ದಕಟ್ಟೆ ದಾಟುವವರೆಗೆ ನಿಂತೇ ಹೋದದ್ದು. ಮೂಡುಬಿದಿರೆಯಲ್ಲಿ ಇಳಿದು ರಿಕ್ಷಾ ಮಾಡಿ ಪುತ್ತಿಗೆಗೆ ಹೋದೆ. ಸುಪ್ರೀತಾ ಹೊರಗೇ ಕಾಯುತ್ತಿದ್ದಳು. ಮಾವನವರು ಚಾವಡಿಯಲ್ಲಿ ಪೇಪರ್ ಓದುತ್ತಿದ್ದುದರಿಂದ ನನ್ನನ್ನು ನೇರ ಹಿತ್ತಲಿಗೆ ಕರೆದುಕೊಂಡು ಹೋದಳು. ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ನಿಂತು ಹೇಳಿದಳು.

“ಶೋಧನ್‌ಗೆ ಮೂರು ತಿಂಗಳು ಆಗಿತ್ತು ಅತ್ತೆ. ಮಧ್ಯಾಹ್ನ ಮಲಗಿಸಿ ಇಲ್ಲಿ ಬಟ್ಟೆ ಹಾಕ್ತಾ ಇದ್ದೆ. ಕ್ಲಿಪ್ ಸಾಲಲಿಲ್ಲ, ತರುವ ಅಂತ ಒಳಗೆ ಹೋದೆ. ತೊಟ್ಟಿಲಲ್ಲಿ ಮಗು ಇಲ್ಲ. ಮಾವ ಎತ್ತಿಕೊಂಡಿರಬೇಕು ಅಂದುಕೊಂಡು ಕ್ಲಿಪ್ ತೆಗೆದುಕೊಂಡು ಹೊರಗೆ ಬರ್ಲಿಕ್ಕೆ ತಿರುಗಿದೆ. ಆಗ ಕಾಲು ಕಂಡಿತು. ತೊಟ್ಟಿಲಿನ ಕೆಳಗೆ, ಗಾಳಿಯಲ್ಲಿ ಎರಡು ಕಾಲು.”

ಅವಳು ಕೈಯಲ್ಲಿದ್ದ ಕ್ಲಿಪ್ಪನ್ನು ಒತ್ತುತ್ತಾ ಬಿಡುತ್ತಾ ಇದ್ದಳು.

“ಬದಿ ಬಿಟ್ಟುಕೊಂಡಿತ್ತು. ತಲೆ ಹಾಸಿಗೆಯ ಹತ್ತಿರ ಸಿಕ್ಕಿಕೊಂಡಿತ್ತು. ಮುಖ ನೀಲಿ. ಹೇಗೆ ಎಳೆದೆ ಅಂತ ನನಗೇ ಗೊತ್ತಿಲ್ಲ. ಬೆನ್ನು ತಟ್ಟಿದ ಮೇಲೆ ಕೂಗಿದ. ಡಾಕ್ಟರ್ ನೋಡಿ ಏನೂ ಆಗ್ಲಿಲ್ಲ ಅಂದರು. ಕ್ಲಿಪ್ ಸಾಕಾಗಿದ್ದರೆ ನಾನು ಒಳಗೆ ಹೋಗ್ತಿರ್ಲಿಲ್ಲ ಅತ್ತೆ.”

ಮೂರು ವರ್ಷದ ಶೋಧನ್ ಪೇರಳೆ ಮರದ ಬುಡದಲ್ಲಿ ಒಂದು ಪ್ಲಾಸ್ಟಿಕ್ ಜೆಸಿಬಿ ಇಟ್ಟುಕೊಂಡು ಮಣ್ಣು ಅಗೆಯುತ್ತಿದ್ದ. ನನಗೆ ಒಳ್ಳೆಯ ಮಾತು ಬರಲಿಲ್ಲ.

“ಇದನ್ನು ಯಾರಿಗೂ ಹೇಳಲಿಲ್ಲವಾ ನೀನು?”

“ಇಲ್ಲಿಯ ಮಾವ ಬೇಡ ಅಂದರು. ಇವರಿಗೆ ಬಹರೈನಿನಲ್ಲಿ ಕೆಲಸ ಕೊಡಿಸಿದ್ದು ಭೋಜ ಮಾವ. ಅವರ ತೊಟ್ಟಿಲಿಂದ ಹೀಗಾಯ್ತು ಅಂದರೆ ಬೇಜಾರಾಗ್ತದೆ, ಹೇಗೂ ಮಗು ಉಳಿಯಿತಲ್ಲ ಅಂದರು. ಅಟ್ಟಕ್ಕೆ ಹಾಕಿ ಬಿಟ್ಟೆವು. ಯಾರೂ ಕೇಳದೆ ಇರ್ಲಿ ಅಂತ ದೇವರಿಗೆ ಹೇಳ್ತಿದ್ದೆ.”

“ದೇವರಿಗೆ ಹೇಳಿದೆ. ಉಜ್ವಲ್‌ಗೆ ಒಂದು ಮೆಸೇಜ್ ಹಾಕಲಿಕ್ಕೆ ಆಗಲಿಲ್ಲ. ನಿನ್ನ ಮಗು ಉಳಿಯಿತು, ಸಂತೋಷ. ಮುಂದಿನದು ಯಾರದ್ದು ಅಂತ ಯೋಚನೆ ಮಾಡಿದೆಯಾ? ಅಟ್ಟಕ್ಕೆ ಹಾಕುವ ಬದಲು ಒಡೆದು ಹಾಕಬಾರದಿತ್ತಾ?”

“ಹೇಗೆ ಅತ್ತೆ? ಅದರಲ್ಲಿ ಒಂಬತ್ತು ಮಕ್ಕಳ ಹೆಸರುಂಟಲ್ಲ,” ಎಂದು ಅವಳು ಅತ್ತುಬಿಟ್ಟಳು.

ಅತ್ತವಳನ್ನು ಬಯ್ಯುವುದು ನನಗೆ ಆಗುವುದಿಲ್ಲ. ಸೆರಗಿನಲ್ಲಿ ಅವಳ ಮುಖ ಒರೆಸಿದೆ. ತಾನು ಹೇಳಿದ್ದೆಂದು ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹಿಂದೆ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು, ಆದರೆ ಕೂತುಕೊಂಡ ನೆನಪೇ ನನಗಿಲ್ಲ. ಒಂದು ಮಗು ಉಸಿರು ಕಟ್ಟಿ ನೀಲಿಯಾದದ್ದು ಸಣ್ಣ ವಿಷಯ, ಊರಿನ ಹಿರಿಯರ ಮುಖ ಸಪ್ಪೆಯಾಗುವುದು ದೊಡ್ಡ ವಿಷಯ. ಇದನ್ನು ನಾವು ಮರ್ಯಾದೆ ಎಂದು ಕರೆಯುತ್ತೇವೆ.

ಮನೆಗೆ ಬಂದು, ಸುಪ್ರೀತಾಳ ಹೆಸರೆತ್ತದೆ, ಈ ತೊಟ್ಟಿಲು ಆಗುವುದಿಲ್ಲ ಎಂದೆ. ಜಿತೇಶ ಹೇಳಿದ್ದನ್ನು ಹೇಳಿದೆ, ತೂತು ತೋರಿಸಿದೆ, ತಂತಿ ತೋರಿಸಿದೆ. ಉಜ್ವಲ್ ನೆಲ ನೋಡುತ್ತಾ ನಿಂತರು.

“ಅತ್ತೆ, ನೀವು ಹೇಳುವುದು ನನಗೆ ಅರ್ಥ ಆಗ್ತದೆ. ಆದರೆ ಮುಂದಿನ ವಾರ ನಾನು ಪುನಃ ಅವರದೇ ಹೋಟೆಲಿಗೆ ಹೋಗಬೇಕು.”

“ಅವರು ನಿಮ್ಮನ್ನು ಕೆಲಸದಿಂದ ತೆಗೀತಾರಾ?”

“ಇಲ್ಲಪ್ಪ. ಅವರು ಹಾಗೆ ಮಾಡುವ ಜನ ಅಲ್ಲ. ಅದಕ್ಕೇ ಕಷ್ಟ.”

ಅಕ್ಷಿತಾ ಒಂದು ಉಪಾಯ ಹೇಳಿದಳು. “ಅಮ್ಮ, ಒಂದು ದಿನದ ಮಟ್ಟಿಗೆ ಮಲಗಿಸುವ. ನಾನು ಹತ್ತಿರವೇ ನಿಂತಿರ್ತೇನೆ. ಮಾವ ಹೆಸರು ಬರೀಲಿ, ಫೋಟೊ ತೆಗೀಲಿ. ಅವರು ಹೋದ ಕೂಡಲೇ ಎತ್ತಿಬಿಡುವ. ಅವರಿಗೂ ಸಮಾಧಾನ, ನಮಗೂ.”

ನಿಜ ಹೇಳಬೇಕೆಂದರೆ ನನಗೂ ಅದು ಸರಿಯೆನ್ನಿಸಿತು. ಐದು ನಿಮಿಷದ ಕೆಲಸ. ಯಾರಿಗೂ ಬೇಜಾರಿಲ್ಲ. ಹೊಲಿಗೆಗೆ ಕೂತು ಒಂದು ತೋಳು ಜೋಡಿಸುವವರೆಗೂ ಹಾಗೆಯೇ ಅನ್ನಿಸುತ್ತಿತ್ತು. ಎರಡನೇ ತೋಳಿಗೆ ಕೈ ಹಾಕಿದಾಗ ಹತ್ತನೇ ಹೆಸರು ಕಣ್ಣಮುಂದೆ ಬಂತು. ನನ್ನ ಮೊಮ್ಮಗಳ ಹೆಸರು ಆ ಹಲಗೆಯಲ್ಲಿ ಬಿದ್ದರೆ, ಹನ್ನೊಂದನೇ ಮನೆಯವರು ಅದನ್ನು ಓದಿ, ಹತ್ತು ಮಕ್ಕಳು ಮಲಗಿದ ತೊಟ್ಟಿಲು ಎಂದು ನಂಬಿ ತಮ್ಮ ಮಗುವನ್ನು ಮಲಗಿಸುತ್ತಾರೆ. ಮಿಷನ್ನು ನಿಲ್ಲಿಸಿ ಎದ್ದು ಹೋಗಿ ಜಿತೇಶನಿಗೆ ಹೇಳಿದೆ: ಬೇರೆ ಒಂದು ಮಾಡು. ಜಾರುವ ಬದಿ ಬೇಡ, ಚಕ್ರ ಬೇಡ, ಗೊಂಬೆ ಬೇಡ. ಸರಳಿನ ನಡುವೆ ಎರಡೂಕಾಲು ಇಂಚಿನ ಮೇಲೆ ಒಂದು ಗೆರೆ ಹೆಚ್ಚಾದರೂ ನಾನು ತೆಗೆದುಕೊಳ್ಳುವುದಿಲ್ಲ. ಹಾಸಿಗೆ ನಾನೇ ಅಳತೆಗೆ ಹೊಲಿಯುತ್ತೇನೆ.

“ನೀವು ಅಳತೆ ಕೊಟ್ಟ ಮೇಲೆ ತಪ್ಪಲಿಕ್ಕೆ ನನಗೆ ಧೈರ್ಯ ಉಂಟಾ ಅಕ್ಕ,” ಎಂದ ಜಿತೇಶ.

ಹೆಸರಿಡುವ ದಿನ ಬಂತು. ಮನೆಯ ಎದುರು ಸಣ್ಣ ಶಾಮಿಯಾನ, ಹೊರಗಿನ ಒಲೆಯಲ್ಲಿ ಅಡುಗೆ. ಉಜ್ವಲ್ ಅವರ ತಾಯಿ ನೀಲಾವತಿಯಕ್ಕ ಬೆಳಿಗ್ಗೆಯೇ ಬಂದು ಒಳಗೆಲ್ಲ ಕಣ್ಣಾಡಿಸಿದ್ದರು. ಬಂಟ್ವಾಳದವರು ಬಂದರು, ಪುತ್ತಿಗೆಯಿಂದ ಸುಪ್ರೀತಾ ಮಗನನ್ನು ಕರೆದುಕೊಂಡು ಬಂದಳು. ಹನ್ನೊಂದು ಗಂಟೆಗೆ ಭೋಜಣ್ಣನ ಕಾರು ಬಂತು. ಬಿಳಿ ಪಂಚೆ, ಬಿಳಿ ಅಂಗಿ, ಜೇಬಿನಲ್ಲಿ ಕಪ್ಪು ಮಾರ್ಕರ್. ಹಿಂದೆ ಅವರ ಹೆಂಡತಿ.

ಭೋಜಣ್ಣ ಮಗುವನ್ನು ಎತ್ತಿಕೊಂಡು, ಮೂಗು ನಮ್ಮ ಕಡೆಯದ್ದು ಎಂದು ತೀರ್ಮಾನ ಕೊಟ್ಟು, ಒಳಗಿನ ಕೋಣೆಗೆ ಬಂದರು. ಅಲ್ಲಿ ಜಿತೇಶನ ಮಂಚ ಇತ್ತು. ಬಣ್ಣವಿಲ್ಲದ ಹಲಸಿನ ಮರ, ಒಂದು ಹಾಸಿಗೆ, ಹಾಸಿಗೆಯ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಒಂದು ಬಟ್ಟೆ. ಬೇರೇನೂ ಇಲ್ಲ.

“ಇದು ಎಂತದ್ದು?”

“ಮಗುವಿನ ಮಂಚ, ಭೋಜಣ್ಣ.”

“ನಮ್ಮ ತೊಟ್ಟಿಲು?”

“ಹಿಂದಿನ ಜಗಲಿಯಲ್ಲಿ ಉಂಟು. ಅದರಲ್ಲಿ ಮಗುವನ್ನು ಮಲಗಿಸುವುದು ಬೇಡ ಅಂತ ನಾನೇ ತೆಗೆಸಿದ್ದು. ಒಂದು ಬದಿ ನಿಲ್ಲುವುದಿಲ್ಲ. ಉಜ್ವಲ್‌ಗೂ ಅಕ್ಷಿತಾಳಿಗೂ ಇದರಲ್ಲಿ ಸಂಬಂಧ ಇಲ್ಲ.”

ಬಾಗಿಲ ಹತ್ತಿರ ಹೆಂಗಸರು ಒತ್ತಿಕೊಂಡು ನಿಂತಿದ್ದರು. ಭೋಜಣ್ಣನ ಮುಖ ಕೆಂಪಾಯಿತು, ಆದರೆ ದನಿ ಏರಲಿಲ್ಲ.

“ಶಶಿಪ್ರಭಕ್ಕ, ಒಂಬತ್ತು ಮಕ್ಕಳು ಮಲಗಿದ ತೊಟ್ಟಿಲು ಅದು. ಒಬ್ಬರಿಗೆ ಒಂದು ಗೀರು ಬಿದ್ದದ್ದಿಲ್ಲ. ನಿಮ್ಮ ಮೊಮ್ಮಗಳು ಮಾತ್ರ ಎಂತ, ಬಂಗಾರದ್ದಾ?”

“ಬಂಗಾರದ್ದಾಗಿದ್ದರೆ ನನಗೆ ಹೆದರಿಕೆ ಇರ್ಲಿಲ್ಲ. ಬಿದ್ದು ತಗ್ಗಾದರೆ ಬಡಿದು ಸರಿ ಮಾಡಿಸಬಹುದಿತ್ತು.”

“ಯಾರಿಗಾದರೂ ಏನಾದರೂ ಆಗಿದೆಯಾ? ಹೇಳಿ. ಯಾರ ಮಗುವಿಗೆ ಆಗಿದೆ?”

ಮಾತು ಕೊಟ್ಟಿದ್ದೆನಲ್ಲ, ನಾನು ಸುಪ್ರೀತಾಳ ಕಡೆ ನೋಡಲೇ ಇಲ್ಲ. ಮಂಚದ ಸರಳನ್ನೇ ನೋಡುತ್ತಾ ನಿಂತೆ. ಹೇಳುವವರು ಹೇಳದಿದ್ದರೆ ಈ ಮನೆಯಲ್ಲಿ ಇನ್ನು ಮುಂದೆ ನಾನೇ ಸೊಕ್ಕಿನ ಹೆಂಗಸು. ಆಗಲಿ, ಮಗುವಂತೂ ಈ ಮಂಚ ಬಿಟ್ಟು ಆ ತೊಟ್ಟಿಲಿಗೆ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

“ಮಾವ,” ಎಂದಳು ಸುಪ್ರೀತಾ ಬಾಗಿಲಿನಿಂದ. “ಶೋಧನ್‌ಗೆ ಆಗಿದೆ.”

ಹಿತ್ತಲಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದಳು. ಈ ಸಲ ಅಳಲಿಲ್ಲ. ಎರಡು ಕಾಲು ಕಂಡದ್ದನ್ನು ಹೇಳುವಾಗ ಶೋಧನ್‌ನ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

ಆಮೇಲೆ ಬಂಟ್ವಾಳದ ಅಜ್ಜಿಯೊಬ್ಬರು ಮುಂದೆ ಬಂದರು. ಹಲಗೆಯ ಆರನೇ ಹೆಸರು ಅವರ ಮೊಮ್ಮಗನದು.

“ನಮ್ಮವ ಅದರಲ್ಲಿ ಮಲಗಲೇ ಇಲ್ಲ ಭೋಜ. ಅಡಿಹಲಗೆ ಒಂದು ಮೂಲೆ ಬಿಡ್ತಾ ಇತ್ತು, ಹೆದರಿಕೆ ಆಯ್ತು. ನೀನು ಬಂದ ದಿನ ಫೋಟೊ ತೆಗೆದದ್ದು ಮಾತ್ರ. ಆಮೇಲೆ ಅದರಲ್ಲಿ ಒಗೆದ ಬಟ್ಟೆ ಹಾಕಿಡ್ತಿದ್ದೆವು.”

“ನಮ್ಮಲ್ಲಿಯೂ ಫೋಟೊ ಮಾತ್ರ,” ಎಂದು ಇನ್ನೆರಡು ದನಿ ಬಂದವು. ಮತ್ತೊಬ್ಬಳು, ಎರಡು ದಿನ ಮಲಗಿಸಿದ್ದು ಹೌದು, ಆಮೇಲೆ ನೆಲದಲ್ಲೇ ಚಾಪೆ ಹಾಕಿದೆವು ಎಂದಳು. ಒಂಬತ್ತು ಹೆಸರಿನಲ್ಲಿ ಅಲ್ಲಿದ್ದವರದು ಆರು. ಆರರಲ್ಲಿ ನಾಲ್ಕು ಮಕ್ಕಳು ಫೋಟೊ ಮುಗಿದ ಮೇಲೆ ಎರಡು ದಿನಕ್ಕಿಂತ ಹೆಚ್ಚು ಅದರಲ್ಲಿ ಮಲಗಿರಲಿಲ್ಲ. ಸರಿಯಾಗಿ ಮಲಗಿದ್ದವನು ಶೋಧನ್.

ಉಳಿದದ್ದು ಭೋಜಣ್ಣನ ಮಗಳು. ಅವರು ಹೆಂಡತಿಯ ಕಡೆ ತಿರುಗಿದರು. ಆಕೆ ಸೆರಗನ್ನು ಹೆಗಲಿಗೆ ಎಳೆದುಕೊಂಡರು.

“ನೀವು ರಜೆ ಮುಗಿಸಿ ಹೋದ ದಿನದಿಂದ ನಾನು ಪಕ್ಕದಲ್ಲಿ ಹಾಕಿಕೊಂಡೇ ಮಲಗಿದ್ದು. ಅಷ್ಟು ದೂರದಿಂದ ಕಳಿಸಿದ್ದೀರಿ, ಹೇಗೆ ಹೇಳುವುದು? ಹೇಳಿದರೆ ನಿಮಗೆ ಬೇಜಾರಾಗ್ತದೆ.”

ಭೋಜಣ್ಣ ಅಲ್ಲೇ ಇದ್ದ ನನ್ನ ಹೊಲಿಗೆಯ ಸ್ಟೂಲಿನ ಮೇಲೆ ಕೂತರು. ಮಗುವನ್ನು ಮಾತ್ರ ಬಿಡಲಿಲ್ಲ. ಯಾರಿಗೆ ಎಂದಿಲ್ಲದೆ, “ಆ ತಂತಿ ಕಟ್ಟಿದ್ದು ನಾನೇ,” ಎಂದರು. “ರಜೆಯಲ್ಲಿ ಬಂದು ಕಾರ್ಗೋ ಬಿಚ್ಚುವಾಗ ಒಂದು ಕೊಂಡಿ ಒಡೆದಿತ್ತು, ಸ್ಕ್ರೂವಿನ ಪೊಟ್ಟಣ ಕಾಣಲಿಲ್ಲ. ಎರಡು ದಿನಕ್ಕೆ ಅಂತ ಕಟ್ಟಿದ್ದು. ಬಹರೈನಿನಿಂದ ಬೇರೆ ಕಳಿಸುವ ಅಂತ ಇತ್ತು. ಮರೆತೇಹೋಯ್ತು.”

ಎರಡು ದಿನದ ತಂತಿ ಹದಿನೆಂಟು ವರ್ಷ ತಿರುಗಿತು. ಭೋಜಣ್ಣ ಕಟ್ಟಿದ್ದು ಎಂದು ಯಾರೂ ಬಿಚ್ಚಲಿಲ್ಲ. ಯಾರೂ ಏನೂ ಹೇಳಲಿಲ್ಲ ಎಂದು ಭೋಜಣ್ಣ ಕೇಳಲಿಲ್ಲ. ಅವರ ಮುಖ ನೋಡಿ ನನ್ನ ಸಿಟ್ಟು ಇಳಿಯತೊಡಗಿತ್ತು. ಆಗ ನೀಲಾವತಿಯಕ್ಕ ಬಾಯಿ ತೆರೆದರು.

“ಆಯ್ತಲ್ಲ ಅಣ್ಣ, ಅದಕ್ಕೆ ಯಾಕೆ ತಲೆಬಿಸಿ? ಯಾರಿಗಾದರೂ ಕೊಟ್ಟುಬಿಡುವ. ಅಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಹಿಂದಿಯವರು ಶೆಡ್ಡು ಹಾಕಿದ್ದಾರೆ, ಒಬ್ಬಳು ಈಚೆಗೆ ಹೆತ್ತಿದ್ದಾಳಂತೆ. ಅವರಿಗೆ ಅದೇ ದೊಡ್ಡದು. ಪುಣ್ಯ ಕೂಡ ಬರ್ತದೆ.”

ಇಳಿಯುತ್ತಿದ್ದದ್ದು ಪೂರ್ತಿ ಹಿಂದೆ ಬಂತು.

“ನೀಲಾವತಿಯಕ್ಕ, ಆ ಹೆಂಗಸಿನ ಮಗುವಿಗೆ ಕುತ್ತಿಗೆ ಇಲ್ಲವಾ? ನಮ್ಮ ಮಗುವಿಗೆ ಬೇಡ ಅಂತ ತೆಗೆದಿಟ್ಟದ್ದನ್ನು ಅವಳ ಮಗುವಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವುದಾ? ನಮ್ಮವರಾದರೆ ಬೇಜಾರಾಗ್ತದೆ ಅಂತ ಬಾಯಿ ಮುಚ್ಚಿದಿರಿ. ಅವಳ ಮಗುವಿಗೆ ನಾಳೆ ಏನಾದರೂ ಆದರೆ ಬೇಜಾರು ಮಾಡಿಕೊಳ್ಳಲಿಕ್ಕೂ ನೀವು ಯಾರೂ ಅಲ್ಲಿ ಇರುವುದಿಲ್ಲ. ಅವಳಿಗೆ ಕೊಡಬೇಕೂಂತ ಇದ್ದರೆ ಈ ಹೊಸ ಮಂಚದ ಹಾಗಿನದ್ದೇ ಒಂದು ಮಾಡಿಸಿ ಕೊಡಿ. ಜಿತೇಶ ಹೊರಗೆ ಕೂತಿದ್ದಾನೆ. ಅಳತೆ ನಾನು ಕೊಡ್ತೇನೆ.”

ನನ್ನ ದನಿ ಶಾಮಿಯಾನದವರೆಗೂ ಹೋಗಿರಬೇಕು. ನೀಲಾವತಿಯಕ್ಕ, “ನಾನೊಂದು ಮಾತು ಹೇಳಿದೆ ಅಷ್ಟೆ,” ಎಂದು ಗೋಡೆಯ ಕಡೆ ತಿರುಗಿದರು.

ಭೋಜಣ್ಣ ಎದ್ದರು. ಮಗುವನ್ನು ಅಕ್ಷಿತಾಳ ಕೈಗೆ ಕೊಟ್ಟರು. “ಗರಗಸ ಉಂಟಾ?” ಎಂದು ಕೇಳಿದರು.

ಜಿತೇಶ ಓಡಿಹೋಗಿ ತಂದ. ಹಿಂದಿನ ಜಗಲಿಯಲ್ಲಿ ಭೋಜಣ್ಣ ಪಂಚೆ ಎತ್ತಿ ಕಟ್ಟಿ, ಮೊದಲು ಇಕ್ಕಳ ಕೇಳಿ ಆ ತಂತಿಯನ್ನು ಬಿಚ್ಚಿದರು. ಬಣ್ಣ ಹಿಡಿದು ಗಟ್ಟಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಆಮೇಲೆ ಜಾರುವ ಬದಿಯನ್ನು ನಡುವಿಗೆ ಕೊಯ್ದರು. ಉಜ್ವಲ್ ಕೈಹಾಕಲು ಹೋದರೆ ಬೇಡ ಎಂದರು. ಉಳಿದದ್ದನ್ನು ಜಿತೇಶ ತುಂಡು ಮಾಡಿದ. ಸರಳುಗಳನ್ನು ಅಲಸಂಡೆ ಬಳ್ಳಿಗೆ ಊರಲು ನಾನು ಕಟ್ಟಿಟ್ಟೆ. ಅಡಿಹಲಗೆಯನ್ನು ಮಾತ್ರ ಭೋಜಣ್ಣ, “ಇದು ನನಗಿರಲಿ,” ಎಂದು ಕಾರಿಗೆ ಹಾಕಿಸಿಕೊಂಡರು. ನಾನು ಬೇಡ ಅನ್ನಲಿಲ್ಲ. ಬರೀ ಹಲಗೆಯಿಂದ ಯಾರಿಗೂ ಅಪಾಯವಿಲ್ಲ.

ಕೈ ತೊಳೆದು ಬಂದು ಅವರು ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಅಕ್ಷಿತಾ ಮಗುವನ್ನು ಹೊಸ ಮಂಚದಲ್ಲಿ ಅಂಗಾತ ಮಲಗಿಸಿದಳು. ಹೆಂಗಸರು ಹಾಡಿ ಮುಗಿಸುವುದರೊಳಗೆ ಅದಕ್ಕೆ ನಿದ್ದೆ ಬಂದಿತ್ತು. ಒಬ್ಬೊಬ್ಬರೇ ಎಲೆಯ ಮುಂದೆ ಕೂರಲು ಹೋದರು.

ಭೋಜಣ್ಣ ಹೋಗಲಿಲ್ಲ. ನಾನು ಬಾಗಿಲಲ್ಲಿದ್ದೇನೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಮಂಚದ ಒಂದು ಬದಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಳೆದರು, ಒಮ್ಮೆ ದೂಡಿದರು. ಇನ್ನೊಂದು ಬದಿಗೆ ಹೋಗಿ ಹಾಗೆಯೇ ಮಾಡಿದರು. ಹಾಸಿಗೆಯ ಅಂಚಿನಲ್ಲಿ ಸುತ್ತ ಎರಡು ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ. ಮಗು ಎಚ್ಚರಗೊಳ್ಳಲಿಲ್ಲ.

“ಮುಂದೆ ಇದು ಯಾರಿಗೆ, ಶಶಿಪ್ರಭಕ್ಕ?” ಎಂದು ಕೇಳಿದರು.

“ಯಾರಿಗೂ ಇಲ್ಲ. ಬೇಕಾದವರು ಬಂದು ಅಳತೆ ಬರೆದುಕೊಂಡು ಹೋಗಲಿ.”

ಅವರು ಜೇಬಿನ ಮಾರ್ಕರನ್ನು ತೆಗೆದು, ಸುತ್ತ ನೋಡಿ, ನನ್ನ ಹೊಲಿಗೆ ಮೇಜಿನ ಮೇಲಿದ್ದ ಒಂದು ತುಂಡು ರಟ್ಟನ್ನು ಎಳೆದುಕೊಂಡರು.

“ಹೇಳಿ,” ಎಂದರು. “ಸರಳಿನ ನಡುವೆ ಎಷ್ಟು?”